ಒಂದೇ ಹೆಸರಿಗೆ ಇಬ್ಬರು ಎದ್ದು ನಿಂತರು

ಅವತ್ತು ಆಯ್ತವಾರ. ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಜೋಳ ಹಸನು ಮಾಡುತ್ತಿದ್ದೆ. ಮೊರದಲ್ಲಿ ಕೇರಿ, ಕಲ್ಲು ಹಳ್ಳು ಆರಿಸಿ, ಸಂಜೆಯೊಳಗೆ ಗಿರಣಿಗೆ ಕಳಿಸಬೇಕಿತ್ತು. ಅರ್ಧ ಚೀಲವೂ ಮುಗಿದಿರಲಿಲ್ಲ, ಫೋನ್ ಬಂತು. ಕಮಲಾಪುರದಿಂದ ನನ್ನ ನೆಗೆಣ್ಣಿ, ಅಂದರೆ ನಮ್ಮ ಮೈದುನನ ಹೆಂಡತಿ. ಆಕೆ ಆಯ್ತವಾರ ಎಂದೂ ಫೋನ್ ಮಾಡುವವಳಲ್ಲ. ಪ್ರತಿ ಆಯ್ತವಾರ ಮಧ್ಯಾಹ್ನದ ಮೇಲೆ ಅಂಗಡಿ ಮುಚ್ಚಿ ಗಂಡಸರು ಮನೆಯಲ್ಲಿರುತ್ತಾರೆ, ನಾವಿಬ್ಬರು ಮಾತಾಡುವುದು ಅವರ ಕಿವಿಗೆ ಬೀಳಬಾರದು ಅಂತ ನಮ್ಮ ನಮ್ಮಲ್ಲೇ ಒಂದು ಕರಾರಿತ್ತು.

“ಅಕ್ಕಾ, ಕುಂತೀರೋ ನಿಂತೀರೋ?”

“ಕುಂತೀನಿ. ಯಾಕವ್ವಾ, ಯಾರಿಗೇನಾತು?”

“ಯಾರಿಗೂ ಏನೂ ಆಗಿಲ್ರಿ. ನಿಮ್ಮ ಮನಿಯವರು ಇವತ್ತು ಕಾಲೇಜಿನ್ಯಾಗ ಅದೇನೋ ವ್ಯಾಪಾರದ ಕ್ಲಾಸಿಗಿ ಹೋಗ್ಯಾರೇನು?”

“ಹೋಗ್ಯಾರ.”

“ನಮ್ಮವರೂ ಅಲ್ಲೇ ಹೋಗ್ಯಾರ. ಈಗ ಹೊರಗ ಬಂದು ಫೋನ್ ಮಾಡಿದ್ರು. ಇಬ್ಬರನೂ ಒಂದೇ ಟೇಬಲ್ಲಿಗಿ ಕುಂದ್ರಸ್ಯಾರಂತ. ಮೊಣಕೈಗಿ ಮೊಣಕೈ ಹತ್ತಾಕತ್ತಾವಂತ.”

ಮೊರ ಕೈಯಲ್ಲೇ ನಿಂತಿತು. “ಜಗಳಾ ಮಾಡ್ಯಾರೇನು?” ಅಂದೆ.

“ಜಗಳಾ ಮಾಡಾಕರೆ ಮಾತಾಡಬೇಕಲ್ರಿ ಅಕ್ಕಾ. ಮಾತೇ ಇಲ್ಲ,” ಅಂದಳು.

ಆಕೆ ನಕ್ಕಳು, ನನಗೂ ನಗು ಬಂತು. ಆದರೆ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದೆ ಏಳು ವರ್ಷವಾಗಿತ್ತು.

ನಮ್ಮದು ಭಾಂಡೆ ಅಂಗಡಿ, ಅಂದರೆ ಪಾತ್ರೆಗಳದು. ಕೊಡ, ತಂಬಿಗೆ, ಪರಾತ, ಹಂಡೆ, ಮದುವೆಗೆ ಕೊಡುವ ಸಾಮಾನಿನ ಸೆಟ್ಟು. ಮಾವನವರು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಸಣ್ಣದಾಗಿ ಶುರು ಮಾಡಿ ದೊಡ್ಡದು ಮಾಡಿದ್ದು. ಕೊನೆಗಾಲದಲ್ಲಿ ಕಮಲಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಇನ್ನೊಂದು ಅಂಗಡಿ ಹಿಡಿದಿದ್ದರು. ಅವರು ಲಿಂಗೈಕ್ಯರಾದ ಮೇಲೆ ಎರಡು ಅಂಗಡಿ, ಇಬ್ಬರು ಮಕ್ಕಳು. ಹಂಚಿಕೆಯಲ್ಲಿ ತಕರಾರೇನೂ ಆಗಲಿಲ್ಲ. ಆದದ್ದು ಒಂದು ಮಾತಿನಿಂದ. ಮಾವನವರ ಹೆಸರಿನ ಶಿವಗಣಾರಾಧನೆಯ ದಿನ, ಪಂಕ್ತಿಯಲ್ಲಿ ನಾಲ್ಕು ಮಂದಿ ಬೀಗರು ಊಟಕ್ಕೆ ಕೂತಿರುವಾಗ, ನಮ್ಮ ಮನೆಯವರು ತಮ್ಮನಿಗೆ ಅಂದರು: “ನೀ ಕಮಲಾಪುರಕ್ಕ ಹೋಗು. ನಿನ್ನ ಬುದ್ಧಿಗಿ ತಕ್ಕ ಗಿರಾಕಿ ಅಲ್ಲಿ ಸಿಗ್ತಾವ.”

ಚೇಷ್ಟೆಗೆ ಅಂದದ್ದು ಅಂತ ಇವರು ಈಗಲೂ ಹೇಳುತ್ತಾರೆ. ಬಡಿಸುತ್ತಾ ಅಲ್ಲೇ ನಿಂತಿದ್ದ ನಾನು ಕೇಳಿದ್ದೇನೆ, ಚೇಷ್ಟೆ ಅದರಲ್ಲಿ ಇರಲಿಲ್ಲ. ಮೈದುನ ತಾಟಿನಲ್ಲಿ ಕೈ ತೊಳೆದು ಎದ್ದ. ಆಮೇಲೆ ನಮ್ಮ ಮನೆಗೆ ಬರಲಿಲ್ಲ. ಇವರೂ ಕರೆಯಲಿಲ್ಲ.

ನಾವು ಹೆಣ್ಣುಮಕ್ಕಳು ಮಾತು ಬಿಡಲಿಲ್ಲ. ಸೋಮವಾರ ಶರಣಬಸವೇಶ್ವರ ಗುಡಿಗೆ ನಾನು ಹೇಗೂ ಹೋಗುತ್ತೇನೆ. ತಿಂಗಳಿಗೊಮ್ಮೆ ಆಕೆಯೂ ಬರುತ್ತಾಳೆ. ಗುಡಿಯ ಅಂಗಳದಲ್ಲಿ ನೆರಳಿದ್ದ ಕಡೆ ಕೂತು ನಾನು ಶೇಂಗಾ ಹಿಂಡಿಯ ಡಬ್ಬಿ ಕೊಡುವುದು, ಆಕೆ ಕಮಲಾಪುರದ ಕೆಂಪು ಬಾಳೆಹಣ್ಣು ಕೊಡುವುದು. ಮನೆಯಲ್ಲಿ ಹಣ್ಣು ನೋಡಿ ಇವರು ಎಲ್ಲಿಂದ ತಂದೆ ಅಂತ ಒಂದು ಸಲವೂ ಕೇಳಲಿಲ್ಲ. ತಿನ್ನುತ್ತಿದ್ದರು. ಕೇಳದೆ ತಿಂದದ್ದೂ ದೇವರ ದಯೆ ಅಂತಲೇ ನಾನು ಎಣಿಸಿಕೊಂಡಿದ್ದೆ.

ಇವರು ಕ್ಲಾಸಿಗೆ ಹೋದದ್ದು ಏಕೆ ಅಂದರೆ, ಈಚೆಗೆ ಅಂಗಡಿ ತಣ್ಣಗಾಗಿತ್ತು. ಮಂದಿ ಫೋನಿನಲ್ಲೇ ಕುಕ್ಕರ್ ತರಿಸುತ್ತಾರೆ, ಬಾಗಿಲಿಗೇ ಬಂದು ಬೀಳುತ್ತದೆ. ಪಕ್ಕದ ಬಟ್ಟೆ ಅಂಗಡಿಯ ಸಾಹುಕಾರರು ಬಂದು, ಮನೆತನದ ವ್ಯಾಪಾರ ಮಾಡುವವರಿಗೆ ಆರು ಆಯ್ತವಾರದ ತರಬೇತಿ ಇದೆ, ವ್ಯಾಪಾರಸ್ಥರ ಸಂಘದವರು ಕಾಲೇಜಿನ ಜೊತೆ ಸೇರಿ ಮಾಡುತ್ತಿದ್ದಾರೆ, ಕಲಿತದ್ದಕ್ಕಿಂತ ಹೆಚ್ಚಾಗಿ ನಾಲ್ಕು ಮಂದಿಯ ಪರಿಚಯ ಆಗುತ್ತದೆ ಅಂತ ಹೇಳಿ ಒಂದು ಫಾರ್ಮ್ ಕೊಟ್ಟು ಹೋದರು. ಅದನ್ನು ತುಂಬಿದವಳು ನಾನೇ. ಇವರ ಅಕ್ಷರ ಇವರಿಗೇ ಓದಲು ಬರುವುದಿಲ್ಲ.

“ಮಾಲಕರ ಹೆಸರು ಅಂತ ಅದ. ನಿಮ್ಮ ಹೆಸರು ಬರೀಲೇನು?” ಅಂತ ಕೇಳಿದೆ.

“ಅಪ್ಪನ ಹೆಸರು ಬರಿ.”

“ಅಲ್ರಿ, ಮಾವನವರು ಹೋಗಿ ಏಳು ವರ್ಷ ಆತು.”

“ಹೋದ್ರೇನಾತು? ಅಪ್ಪನ ಅಂಗಡಿಗಿ ನಾ ಮಾಲಕ ಹೆಂಗ ಆಗ್ತೀನಿ? ಬರಿ ಅಂದ್ರ ಬರಿ.”

ಬರೆದೆ. ನಮ್ಮ ಬಿಲ್ ಬುಕ್ಕಿನಲ್ಲೂ ಇವತ್ತಿಗೂ ಮಾವನವರ ಹೆಸರೇ, ಅದರ ಕೆಳಗೆ ಇವರು ‘ಪರವಾಗಿ’ ಅಂತ ಸಹಿ ಮಾಡುತ್ತಾರೆ. ಅದರಲ್ಲಿ ನನಗೇನೂ ತಪ್ಪು ಕಾಣಲಿಲ್ಲ. ಆದರೆ ಅದೇ ವಾರ ಕಮಲಾಪುರದಲ್ಲಿ ನೆಗೆಣ್ಣಿಯೂ ಒಂದು ಫಾರ್ಮ್ ತುಂಬಿದ್ದಳು. ಆಕೆಯ ಗಂಡನೂ ಅದೇ ಮಾತು ಹೇಳಿದ್ದ, ಆಕೆಯೂ ಅದೇ ಹೆಸರು ಬರೆದಿದ್ದಳು. ಸಂಘದ ಆಫೀಸಿನಲ್ಲಿ ನೋಡಿದವರಿಗೆ ಏನು ಗೊತ್ತು? ಮಾಲಕರು ಒಬ್ಬರೇ, ಕಸುಬು ಒಂದೇ, ಅಡ್ಡಹೆಸರು ಒಂದೇ. ಎರಡೂ ಫಾರ್ಮ್ ಸೇರಿಸಿ ಒಂದು ಪಿನ್ ಹೊಡೆದು ಒಂದೇ ಮನೆತನ ಅಂತ ಇಟ್ಟಿದ್ದಾರೆ.

ಸಂಜೆ ಇವರು ಮನೆಗೆ ಬಂದರು. ಚಹಾ ಕೊಟ್ಟೆ. ಎರಡನೇ ಕಪ್ಪು ಕೊಟ್ಟ ಮೇಲೆ ಮಾತು ಶುರು ಮಾಡಿದರು.

“ಮೈಕಿನ್ಯಾಗ ಅಪ್ಪನ ಹೆಸರು ಕೂಗಿದ್ರು. ನಾ ಎದ್ದು ನಿಂತೆ. ಹಿಂದಿನ ಸಾಲಿನ್ಯಾಗ ಅಂವಾನೂ ಎದ್ದು ನಿಂತ.”

“ಆಮ್ಯಾಲ?”

“ಆಮ್ಯಾಲೇನು? ಕ್ಲಾಸ್ ತಗೊಳ್ಳೋ ಮೇಡಂ, ‘ಅಣ್ಣತಮ್ಮಂದಿರು ಕೂಡಿ ಬಂದೀರಿ, ಭಾಳ ಸಂತೋಷ’ ಅಂದು ಚಪ್ಪಾಳಿ ಹೊಡಿಸಿದ್ರು. ಅಷ್ಟು ಮಂದಿ ಚಪ್ಪಾಳಿ ಹೊಡ್ದ ಮ್ಯಾಲ, ನಾವು ಕೂಡಿ ಬಂದಿಲ್ರಿ ಅಂತ ಹೆಂಗ ಹೇಳೋದು? ಕುಂತೆ. ಅಂವಾ ಬಂದು ಬಾಜೂಕ ಕುಂತ.”

ಇಬ್ಬರಿಗೂ ಸೇರಿ ಒಂದೇ ಫೈಲು, ಒಂದೇ ಪೆನ್ನು, ಎದೆಗೆ ಚುಚ್ಚಿಕೊಳ್ಳುವ ಒಂದೇ ಬಿಲ್ಲೆ. ಬಿಲ್ಲೆಯ ಮೇಲೆ ಮಾವನವರ ಹೆಸರು. ಅದನ್ನು ಇವರೂ ಹಚ್ಚಿಕೊಳ್ಳಲಿಲ್ಲ, ಅವನೂ ಹಚ್ಚಿಕೊಳ್ಳಲಿಲ್ಲವಂತೆ. ಟೇಬಲ್ಲಿನ ನಡುವೆ ಇಟ್ಟು ಇಬ್ಬರೂ ಅದರ ಕಡೆ ನೋಡುತ್ತಾ ದಿನ ಕಳೆದಿದ್ದಾರೆ.

“ಬರೋ ವಾರ ನಾ ಹೋಗಂಗಿಲ್ಲ,” ಅಂದರು.

“ಯಾಕ ಹೋಗಂಗಿಲ್ಲ? ಅಂವಾ ಕಚ್ಚಿದನೇನು?”

“ನಿನಗ ಗೊತ್ತಾಗಂಗಿಲ್ಲ, ಸುಮ್ಮ ಇರು.”

“ನನಗ ಬರೋಬರಿ ಗೊತ್ತಾಗ್ತದ. ನೀವು ಬಿಟ್ರ, ಅಣ್ಣ ಓಡಿಹೋದ ಅಂತ ಅಂವಾ ಅಂತಾನ. ಅಂವಾ ಬಿಟ್ರ, ತಮ್ಮ ಓಡಿಹೋದ ಅಂತ ನೀವು ಅಂತೀರಿ. ಯಾರು ಮೊದಲು ಓಡ್ತೀರಿ, ಅದನ್ನೊಂದು ಹೇಳ್ರಿ.”

ಮುಂದಿನ ವಾರ ಹೋದರು. ನಾನು ಹಾಗೆ ಹೇಳಿದರೆ ಹೋಗುತ್ತಾರೆ ಅಂತ ನನಗೆ ಗೊತ್ತಿತ್ತು. ಮೂವತ್ತು ವರ್ಷ ರೊಟ್ಟಿ ಬಡಿದು ಹಾಕಿದ್ದೇನೆ, ಇಷ್ಟೂ ತಿಳಿಯದಿದ್ದರೆ ಹೇಗೆ?

ಆ ಎರಡು ಮೂರು ಆಯ್ತವಾರದ ಸುದ್ದಿ ನನಗೆ ಎರಡು ಬಾಯಿಂದ ಸಿಗುತ್ತಿತ್ತು. ತಿಂಗಳಿಗೊಮ್ಮೆ ಬರುತ್ತಿದ್ದ ನೆಗೆಣ್ಣಿ ಆಗ ಪ್ರತಿ ಸೋಮವಾರವೂ ಗುಡಿಗೆ ಬರತೊಡಗಿದ್ದಳು. ಇವರು ಹೇಳಿದ್ದನ್ನು ನಾನು ಸೋಮವಾರ ನೆಗೆಣ್ಣಿಗೆ ಹೇಳುವುದು, ಅವಳ ಗಂಡ ಹೇಳಿದ್ದನ್ನು ಅವಳು ನನಗೆ ಹೇಳುವುದು, ಎರಡೂ ಕೂಡಿಸಿ ಖರೇ ಯಾವುದು ಅಂತ ನಾವು ತೂಗುವುದು. ಕ್ಲಾಸಿನಲ್ಲಿ ಅಂಗಡಿ ಜೋಡಿಸುವುದು, ಗಿರಾಕಿಯ ಜೊತೆ ಮಾತಾಡುವುದು, ಮುಂದಿನ ತಲೆಮಾರಿಗೆ ವ್ಯಾಪಾರ ಒಪ್ಪಿಸುವುದು ಹೇಗೆ ಅಂತೆಲ್ಲ ಹೇಳಿಕೊಡುತ್ತಿದ್ದರು. ಪ್ರತಿಯೊಬ್ಬರೂ ವಾರಕ್ಕೆ ಒಬ್ಬ ಗಿರಾಕಿಯನ್ನು ಇನ್ನೊಬ್ಬರ ಅಂಗಡಿಗೆ ಕಳಿಸಬೇಕು ಅನ್ನುವುದು ನಿಯಮ. ಮದುವೆಗೆ ಬಾಡಿಗೆ ಕೊಡುವ ಮಂಗಲ ಕಾರ್ಯಾಲಯದ ಮಾಲಕರು ಒಬ್ಬರಿದ್ದರು, ಹಾಸ್ಟೆಲ್ಲಿನ ಹುಡುಗರಿಗೆ ಮೆಸ್ಸು ನಡೆಸುವವರು ಇದ್ದರು, ಹೂವಿನವರು, ಶಾಮಿಯಾನದವರು. ಇವರೆಲ್ಲರಿಗೂ ಪಾತ್ರೆ ಬೇಕೇ ಬೇಕು. ಮೆಸ್ಸಿನವರು ಎರಡನೇ ವಾರಕ್ಕೇ ಬಂದು ಅಂಗಡಿಯಲ್ಲಿ ತಾಟು ನೋಡಿಕೊಂಡು ಹೋದರು. ಇವರ ಮುಖ ಬಹಳ ದಿನದ ಮೇಲೆ ಅರಳಿತ್ತು.

ತಮ್ಮನ ಜೊತೆ ಮಾತ್ರ ಮೇಡಂ ಮುಖಾಂತರ ಮಾತು. “ಮೇಡಂ, ಪೆನ್ನು ಅವರ ಕಡಿ ಅದ, ಜರಾ ಕೊಡಲಿಕ್ಕ ಹೇಳ್ರಿ.” ಪೆನ್ನು ಒಂದು ಗೇಣು ದೂರದಲ್ಲಿ. ಪಾಪ, ಆ ಮೇಡಂ ಇದು ನಮ್ಮ ಕಡೆಯ ಮರ್ಯಾದೆ ಇರಬೇಕು ಅಂದುಕೊಂಡಿದ್ದರೋ ಏನೋ.

ಮೂರನೇ ವಾರ ಒಂದು ದೊಡ್ಡ ಹಾಳೆ ಕೊಟ್ಟು, ನಿಮ್ಮ ಅಂಗಡಿಯ ವಂಶಾವಳಿ ಬರೆಯಿರಿ, ಯಾರು ಶುರು ಮಾಡಿದರು, ಯಾರು ಯಾವ ಕೆಲಸ ಕಲಿತರು, ಯಾರು ಕಲಿಸಿದರು ಅಂತ ಗೆರೆ ಎಳೆದು ತೋರಿಸಿರಿ ಅಂದರು. ಹಾಳೆ ಒಂದೇ. ಮೈದುನನ ಅಕ್ಷರ ಮುತ್ತಿನಂಥದ್ದು, ಅವನೇ ಬರೆಯಲು ಕೂತ. ಆಗ ಇವರ ಬಾಯಿಂದ ತಡೆಯದೆ ಬಂತಂತೆ: “ಅಪ್ಪನ ಹೆಸರು ಮ್ಯಾಲ ಬರಿ.”

“ಬರ್ದೀನಿ. ಕಾಣಂಗಿಲ್ಲೇನು?” ಅಂದನಂತೆ ಅವನು.

ಏಳು ವರ್ಷದ ಮೇಲೆ ಆಡಿದ ಮಾತು ಇವೆರಡೇ. ಅದೂ ಜಗಳದ ಧಾಟಿಯಲ್ಲಿ. ಆದರೂ ನೆಗೆಣ್ಣಿ ನಾನು ಗುಡಿಯಲ್ಲಿ ಅವತ್ತು ಒಂದೊಂದು ತೆಂಗಿನಕಾಯಿ ಹೆಚ್ಚಿಗೆ ಒಡೆಸಿದೆವು. ಜಗಳವಾಡುವುದಾದರೂ ಮಾತೇ ತಾನೇ.

ನಾಲ್ಕನೇ ವಾರಕ್ಕೆ ಗುಟ್ಟು ಒಡೆಯಿತು. ಮಂಗಲ ಕಾರ್ಯಾಲಯದ ಮಾಲಕರು ತಮಗೆ ಹಂಡೆ, ಪರಾತ ಎಲ್ಲ ಹೊಸದು ಬೇಕು ಅಂತ ಎದ್ದು ನಿಂತು, “ನಿಮ್ಮ ಅಂಗಡಿ ಎಲ್ಲಿ ಬರ್ತದ್ರಿ?” ಅಂತ ಕೇಳಿದರು. ಇವರು “ಸೂಪರ್ ಮಾರ್ಕೆಟ್” ಅಂದರು. ಅದೇ ಹೊತ್ತಿಗೆ ಅವನು “ಕಮಲಾಪುರ” ಅಂದ. ಮಂದಿ ನಕ್ಕರು. ಮೇಡಂ ನಗಲಿಲ್ಲ. ಫಾರ್ಮ್ ತೆಗೆದು ನೋಡಿ, ಆಮೇಲೆ ಇಬ್ಬರನ್ನೂ ಬದಿಗೆ ಕರೆದು ವಿಷಯ ಬಿಡಿಸಿ ಹೇಳಿದರು.

ಕ್ಲಾಸು ಮುಗಿದ ಮೇಲೆ ಇದೇ ಮಂದಿ ತಿಂಗಳಿಗೊಂದು ಸಲ ಸೇರುವ ಕೂಟ ಮಾಡುತ್ತಾರೆ. ಅದರಲ್ಲಿ ಒಂದು ಕಸುಬಿಗೆ ಒಂದೇ ಕುರ್ಚಿ. ಬಟ್ಟೆಯವರು ಒಬ್ಬರು, ಹೂವಿನವರು ಒಬ್ಬರು, ಭಾಂಡೆಯವರು ಒಬ್ಬರು. ಇಬ್ಬರನ್ನು ಕೂಡಿಸಿದರೆ ಒಳಗೊಳಗೇ ತಿಕ್ಕಾಟ ಅಂತ ಹಾಗೆ ಮಾಡಿದ್ದು. ಕೂಟದ ಮಂದಿ ಯಾವ ಗಿರಾಕಿಯನ್ನು ಕಳಿಸಿದರೂ ಆ ಕುರ್ಚಿಯವನಿಗೇ ಹೇಳುತ್ತಾರೆ. “ನೀವು ಒಂದೇ ಅಂಗಡಿ ಆದ್ರ ಒಬ್ಬರು ಕುಂದರ್ರಿ, ಬಂದದ್ದು ಇಬ್ಬರೂ ಕೂಡಿ ಮಾಡ್ರಿ. ಎರಡು ಅಂಗಡಿ ಆದ್ರ ಒಬ್ಬರು ಬಿಡಬೇಕಾಗ್ತದ. ಕೊನಿ ಆಯ್ತವಾರ ಮನಿ ಮಂದೀನ ಕರಕೊಂಡು ಬರೋದದಲ್ಲ, ಅವತ್ತು ಹೇಳ್ರಿ,” ಅಂದರಂತೆ.

ಇವರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ತೀರ್ಮಾನ ಮಾಡಿದ್ದರು. “ಕುರ್ಚಿ ನಂದು. ಹಿರಿ ಮಗ ನಾನು, ಹಿರಿ ಅಂಗಡಿ ನಂದು. ಇದರಾಗ ಕೇಳೋದೇನದ?”

ಸೋಮವಾರ ಗುಡಿಯಲ್ಲಿ ನೆಗೆಣ್ಣಿ ನನ್ನ ಕೈ ಹಿಡಿದುಕೊಂಡು ಕೂತಳು. “ಅಕ್ಕಾ, ನಮ್ಮವರು ಬಿಡ್ತೀನಿ ಅಂದಾರ. ‘ಅಣ್ಣನೇ ಕುಂದ್ರಲಿ, ನಾ ಕುರ್ಚಿ ಸಲುವಾಗಿ ಜಗ್ಗಾಡಂಗಿಲ್ಲ. ಆದ್ರ ಇದರ ಮ್ಯಾಲ ನನಗ ಅಣ್ಣ ಇಲ್ಲ’ ಅಂದಾರ. ಅಂದು ಮಕಾ ಗ್ವಾಡಿ ಕಡಿ ಮಾಡಿ ಮಲಗ್ಯಾರ.”

ಮೊದಲಿನ ಮುನಿಸು ಬಾಯಿ ತಪ್ಪಿದ ಮಾತಿನಿಂದ ಬಂದದ್ದು, ಅದು ಎಂದಾದರೂ ಹೋಗಬಹುದಿತ್ತು. ಊರ ಮಂದಿಯ ಎದುರು ತಮ್ಮನನ್ನು ಕುರ್ಚಿಯಿಂದ ಎಬ್ಬಿಸಿದರೆ ಅದು ಹೋಗುವಂಥದ್ದಲ್ಲ. ನಾನು ಗದ್ದುಗೆಯ ಮುಂದೆ ಕಣ್ಣು ಮುಚ್ಚಿ ನಿಂತೆ. ಏನೂ ಬೇಡಲಿಲ್ಲ. ದೇವರಿಗೆ ಗೊತ್ತಿಲ್ಲದ್ದು ನಾನೇನು ಹೇಳಲಿ? ಹಣೆಗೆ ವಿಭೂತಿ ಹಚ್ಚಿಕೊಂಡು ಮನೆಗೆ ಬಂದೆ. ಮಾಡಬೇಕಾದದ್ದು ಮನೆಯಲ್ಲಿತ್ತು.

ನಾನು ಚಾಡಿ ಹೇಳುವವಳಲ್ಲ, ಆದರೆ ಮುಚ್ಚಿಟ್ಟುಕೊಳ್ಳುವವಳೂ ಅಲ್ಲ. ಊಟಕ್ಕೆ ಬಡಿಸಿ ಎದುರಿಗೆ ಕೂತು ಅವಳು ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ. ಇವರು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು.

“ನಿನಗ ಹೆಂಗ ಗೊತ್ತು ಇದೆಲ್ಲ?”

“ಏಳು ವರ್ಷ ಕೆಂಪು ಬಾಳೆಹಣ್ಣು ತಿಂದೀರಿ. ಅವು ಹೆಂಗ ಬರ್ತಿದ್ವು ಅಂದುಕೊಂಡೀರಿ?”

ತುತ್ತು ತಾಟಿಗೆ ಇಳಿಸಿದರು. ನಾನು ಬಿಡಲಿಲ್ಲ. “ಅವತ್ತು ಪಂಕ್ತಿಯೊಳಗ ನೀವಂದದ್ದು ನಾ ಕೇಳೀನ್ರಿ. ಬುದ್ಧಿ ಕಮ್ಮಿ ಅಂದ್ರಿ. ಅಂವನ ಅಂಗಡಿ ಹೆಂಗದ ಅಂತ ಒಂದು ದಿನಾನೂ ನೋಡಿಲ್ಲ. ನೋಡದ ಅಂದದ್ದು ಒಂದಾತು, ಈಗ ನೋಡದ ಕುರ್ಚಿ ಕಸಗೋಬ್ಯಾಡ್ರಿ. ಒಂದು ಸಲ ಹೋಗಿ ನೋಡ್ರಿ. ಆಮ್ಯಾಲ ಕುರ್ಚಿ ನಿಮ್ಮದು ಅನಿಸಿದ್ರ ತಗೋರಿ, ನಾ ಬ್ಯಾಡ ಅನ್ನಂಗಿಲ್ಲ.”

“ನಾ ಯಾಕ ಹೋಗ್ಲಿ?”

“ಗಿರಾಕಿ ಆಗಿ ಹೋಗ್ರಿ. ನನಗೊಂದು ತಂಬಿಗಿ ಬೇಕಾಗ್ಯದ.”

“ಭಾಂಡೆ ಅಂಗಡಿಯವನ ಹೆಂಡ್ತಿಗಿ ತಂಬಿಗಿ ಕಮಲಾಪುರದಾಗ ಕೊಡಸಲೇನು?” ಅಂದರು. ಆದರೆ ಆ ಮಾತಿನಲ್ಲಿ ಸಿಟ್ಟು ಅರ್ಧಕ್ಕೆ ಇಳಿದಿತ್ತು.

ಗುರುವಾರ ಹೊರಟೆವು, ಬಸ್ಸಿನಲ್ಲಿ. ಮಹಾಗಾಂವ ದಾಟಿದ ಮೇಲೆ ಎರಡೂ ಬದಿಗೆ ತೊಗರಿ ಹೂ ಬಿಟ್ಟಿತ್ತು, ನಾನು ಅದನ್ನೇ ನೋಡುತ್ತಾ ಮನಸ್ಸಿನಲ್ಲಿ ಜಪ ಮಾಡಿಕೊಂಡೆ. ಕಮಲಾಪುರದಲ್ಲಿ ಇಳಿದಾಗ ಇವರು, “ನೀ ಮುಂದ ನಡಿ” ಅಂದರು. ಮದುವೆಯಾದಾಗಿನಿಂದ ನನಗೆ ಮುಂದೆ ನಡೆ ಅಂದದ್ದು ಅವತ್ತೇ ಮೊದಲು.

ಅಂಗಡಿ ಸಣ್ಣದು. ನಮ್ಮದರ ಕಾಲು ಭಾಗವೂ ಇಲ್ಲ. ಆದರೆ ಹೊರಗಿನ ಕಟ್ಟೆಯ ಮೇಲೆ ಆರೇಳು ಮಂದಿ ಸರದಿಗೆ ಕೂತಿದ್ದರು. ಮೈದುನ ನೆಲದ ಮೇಲೆ ಕೂತು, ಎರಡು ಪಾದದ ನಡುವೆ ಒಂದು ಕೊಡ ಒತ್ತಿ ಹಿಡಿದು, ಸಣ್ಣ ಉಳಿ ಸುತ್ತಿಗೆಯಿಂದ ಹೆಸರು ಕೊರೆಯುತ್ತಿದ್ದ. ನಮ್ಮ ಕಡೆ ಯಾರಿಗೆ ಪಾತ್ರೆ ಕೊಟ್ಟರೂ ಕೊಟ್ಟವರ ಹೆಸರು ಅದರ ಮೇಲೆ ಇರಲೇಬೇಕು. ನಮ್ಮ ಅಂಗಡಿಯಲ್ಲಿ ಅದನ್ನು ಕರೆಂಟಿನ ಮಿಷನ್ನಿನವನ ಹತ್ತಿರ ಹೊರಗೆ ಕಳಿಸುತ್ತೇವೆ. ಒಂದು ಚೀಟಿಯಲ್ಲಿ ಬರೆದು ಕಳಿಸಿದರೆ ಚೀಟಿಯಲ್ಲಿದ್ದದ್ದು ಬರುತ್ತದೆ. ಇವನು ಕೈಯಿಂದ ಕೊರೆಯುತ್ತಿದ್ದ. ಮಾವನವರು ಕೊರೆಯುತ್ತಿದ್ದಂತೆ.

ಒಬ್ಬ ಮುದುಕಿಯ ಸರದಿ ಬಂತು. ಮೊಮ್ಮಗಳ ಮದುವೆಗೆ ತಂಬಿಗೆ. “ನನ್ನ ಹೆಸರು ಬ್ಯಾಡಪಾ, ತೀರಿಕೊಂಡ ನನ್ನ ಸೊಸಿ ಹೆಸರು ಹಾಕು, ಹುಡುಗಿ ಆಕಿ ಮಗಳು,” ಅಂದಳು. ಮೈದುನ ಉಳಿ ಕೆಳಗಿಟ್ಟು ಕೇಳಿದ: “ಆಯಿ, ಸೊಸಿನ್ನ ಮನ್ಯಾಗ ಏನಂತ ಕರೀತಿದ್ರಿ? ಕಾಗದದ ಹೆಸರು ಹಾಕ್ಲೋ, ಕರಿಯೋ ಹೆಸರು ಹಾಕ್ಲೋ?” ಮುದುಕಿ ಯೋಚಿಸಿ, “ಕರಿಯೋ ಹೆಸರೇ ಹಾಕು, ಹುಡುಗಿಗಿ ಅದೇ ಗೊತ್ತು,” ಅಂದಳು.

ಇವರು ಗಿರಾಕಿಗಳ ಹಿಂದೆ ನಿಂತು ಎಲ್ಲ ನೋಡಿದರು. ನಾನು ಇವರ ಮುಖ ನೋಡಲಿಲ್ಲ, ನೋಡಿದರೆ ಇವರಿಗೆ ನಾಚಿಕೆಯಾಗುತ್ತದೆ ಅಂತ ತಂಬಿಗೆಗಳ ಕಡೆ ನೋಡುತ್ತಿದ್ದೆ. ಕೊನೆಗೆ ಮೈದುನ ತಲೆ ಎತ್ತಿದ. ಅಣ್ಣನನ್ನು ನೋಡಿದ. ಎದ್ದು ನಿಲ್ಲಲಿಲ್ಲ, ಕೊಡ ಪಾದದ ನಡುವೆ ಇತ್ತಲ್ಲ. ಅಥವಾ ಅದೇ ನೆಪವಾಗಿತ್ತೇನೋ.

“ಉಳಿ ಮೊಂಡ ಆಗ್ಯದ,” ಅಂದರು ಇವರು.

“ಅಪ್ಪಂದು,” ಅಂದ ಅವನು.

“ಗೊತ್ತದ.”

ಅಷ್ಟೇ. ನೆಗೆಣ್ಣಿ ಒಳಗಿಂದ ಓಡಿ ಬಂದು, “ಬರ್ರಿ ಭಾವಾರ, ಚಹಾ ಕುಡದು ಹೋಗ್ರಿ” ಅಂದಳು. ಕುಡಿದೆವು. ಇವರು ಎರಡು ಬಾಳೆಹಣ್ಣು ತಿಂದರು. ನನ್ನ ತಂಬಿಗೆಗೆ ಮೈದುನ ಬೆಲೆ ಹೇಳಲಿಲ್ಲ, ಇವರು ಕೇಳಲೂ ಇಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಇವರು ಒಂದೇ ಮಾತು ಹೇಳಿದರು: “ಅಪ್ಪ ನನಗೂ ಕಲಸಾಕ ನೋಡಿದ್ರು. ನನ್ನ ಕೈಗಿ ಬರಲಿಲ್ಲ.” ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಗೊತ್ತಿಲ್ಲದ ಸಂಗತಿ ಅದು.

ಆದರೆ ಕುರ್ಚಿಯ ವಿಷಯ ಎತ್ತಲಿಲ್ಲ. ಐದನೇ ವಾರ ಹೋಗಿ ಬಂದರು, ಆಗಲೂ ಇಲ್ಲ. ನಾನೂ ಕೇಳಲಿಲ್ಲ. ಹೇಳುವುದನ್ನು ಹೇಳಿಯಾಗಿತ್ತು. ಹುಳಿ ಹಿಂಡಿದ ಮೇಲೆ ಚಮಚ ಹಾಕಿ ತಿರುವುತ್ತಲೇ ಇದ್ದರೆ ಸಾರು ಕೆಡುತ್ತದೆ.

ಕೊನೆಯ ಆಯ್ತವಾರ ನಾವು ಹೆಂಗಸರೂ ಹೋದೆವು. ದೊಡ್ಡ ಹಾಲು, ತಲೆಯ ಮೇಲೆ ಫ್ಯಾನು, ಎಲ್ಲರ ಮನೆ ಮಂದಿಯೂ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ನೆಗೆಣ್ಣಿ ನಾನು ಯಾರ ಹೆದರಿಕೆಯೂ ಇಲ್ಲದೆ ಬಾಜೂಕ ಬಾಜೂಕ ಕೂತೆವು, ಅದೇ ಒಂದು ಹಬ್ಬ. ಒಂದೊಂದೇ ಮನೆತನದ ಹೆಸರು ಕೂಗಿ, ಕೂಟದ ಕುರ್ಚಿಗೆ ಯಾರು ಅಂತ ಕೇಳುತ್ತಿದ್ದರು. ನಮ್ಮ ಮಾವನವರ ಹೆಸರು ಬಂತು.

ಮೈದುನ ತಟ್ಟನೆ ಎದ್ದ. “ಮೇಡಂ, ನಾನು...” ಅನ್ನುವಷ್ಟರಲ್ಲಿ ಇವರು ಕೂತಲ್ಲಿಂದಲೇ ಅವನ ಅಂಗಿಯ ತುದಿ ಹಿಡಿದು ಜಗ್ಗಿದರು. “ಕುಂದ್ರು,” ಅಂದರು, ಸಣ್ಣವರಿದ್ದಾಗ ಅನ್ನುತ್ತಿದ್ದಂತೆ ಇರಬೇಕು. ಅವನು ಕೂತುಬಿಟ್ಟ. ನೆಗೆಣ್ಣಿಯ ಉಗುರು ನನ್ನ ಕೈಗೆ ನೆಟ್ಟಿತು.

ಇವರು ಎದ್ದು ನಿಂತು ಮೈಕು ತೆಗೆದುಕೊಂಡರು. ಮೈಕಿನಲ್ಲಿ ಮಾತಾಡಿ ರೂಢಿ ಇಲ್ಲ, ಬಾಯಿಗೆ ಬಹಳ ಹತ್ತಿರ ಹಿಡಿದಿದ್ದರು, ಉಸಿರೂ ಕೇಳುತ್ತಿತ್ತು.

“ನಮ್ಮದು ಒಂದೇ ಅಂಗಡಿರಿ, ಬಾಗಲಾ ಎರಡು. ಕುರ್ಚಿಮ್ಯಾಲ ನನ್ನ ತಮ್ಮ ಕುಂದ್ರತಾನ. ಸೂಪರ್ ಮಾರ್ಕೆಟ್ಟಿಗಿ ಮಂದಿ ತಾವೇ ಬರ್ತಾರ, ಕಮಲಾಪುರಕ್ಕ ಹೇಳಿದ್ರ ಬರ್ತಾರ. ಅದಕ್ಕ ಅಂವಾ ಇರೋದು ಬರೋಬರಿ.” ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮೈಕು ಕೆಳಗಿಡಲು ಹೋದವರು ಮತ್ತೆ ಎತ್ತಿದರು. “ಏಳು ವರ್ಷದ ಹಿಂದ ನಾಲ್ಕು ಮಂದಿ ಎದುರಿಗಿ ಅಂವಗೊಂದು ಮಾತು ಅಂದೀನಿ. ಅಂವನ ಅಂಗಡಿ ನೋಡಿ ಬಂದೀನಿ. ನಾ ಅಂದದ್ದು ತಪ್ಪು.”

ಯಾವ ಮಾತು ಅಂತ ಹಾಲಿನಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ, ನಾಲ್ಕು ಜನರನ್ನು ಬಿಟ್ಟು. ಮೈದುನ ತಲೆ ತಗ್ಗಿಸಿ ಫೈಲಿನ ಮೂಲೆ ಮಡಚುತ್ತಾ ಕೂತಿದ್ದ. ಮಂಗಲ ಕಾರ್ಯಾಲಯದ ಮಾಲಕರು ಹಿಂದಿನಿಂದ ಕೂಗಿದರು: “ಹಂಗಾದ್ರ ಸಾವ್ಕಾರ, ನಾವು ನಿಮ್ಮ ಅಂಗಡಿಗಿ ಬರಬಾರ್ದೇನು?”

“ಬರ್ರಿ. ನನ್ನ ತಮ್ಮನ ಕೇಳಿ ಬರ್ರಿ,” ಅಂದರು ಇವರು.

ನಗುವೋ ನಗು. ನನಗೆ ನಗಲು ಆಗಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡೆ. ಹೊರಗೆ ಬಂದಾಗ ಮೈದುನ ಅಣ್ಣನ ಎದುರು ನಿಂತು ಏನೋ ಹೇಳಲು ಹೋದ, ಇವರು, “ಬಸ್ಸಿಗಿ ಹೊತ್ತಾತು, ಹೋಗು” ಅಂದು ಗಾಡಿ ಚಾಲೂ ಮಾಡಿದರು. ನಮ್ಮ ಮನೆಗೆ ಬಾ ಅನ್ನಲಿಲ್ಲ. ಗಂಡಸರು ಒಂದು ದಿನಕ್ಕೆ ಅಷ್ಟೇ ಬಗ್ಗುತ್ತಾರೆ.

ಆಮೇಲೆ ಇವರು ವಾರಗಟ್ಟಲೆ ಗೊಣಗಿದ್ದೂ ಉಂಟು. “ಕುರ್ಚಿ ಕೊಟ್ಟೀನಿ, ಈಗ ಮೆಸ್ಸಿನವ್ರು ಏನಂದ್ರು ಅಂತ ಅಂವನ್ನ ಕೇಳಬೇಕಾಗ್ಯದ ನೋಡು.” ಕೇಳಲು ಫೋನ್ ಮಾಡಲೇಬೇಕಲ್ಲ. ಮೊದಲು ಸಾಮಾನಿನ ಮಾತು ಮಾತ್ರ. ಆಮೇಲೆ ಒಂದು ದಿನ ಪಡಸಾಲೆಯಲ್ಲಿ, “ಔಷಧ ತಗೊಂಡ್ಯೇನು? ಕೆಮ್ಮು ಕೇಳ್ತದಲ್ಲ,” ಅನ್ನುವುದು ಕೇಳಿಸಿತು. ನಾನು ಒಲೆಯ ಮುಂದೆ ಕೂತಿದ್ದೆ, ಉರಿ ಸಣ್ಣ ಮಾಡಿ ಕೇಳಿದೆ.

ಕೂಟದ ಮೊದಲನೇ ಸಭೆ ಕಲಬುರಗಿಯಲ್ಲೇ ಆಯಿತು. ಅವತ್ತು ಇವರು ಅಂಗಡಿಗೆ ಹೋಗಿದ್ದರು. ನಾನು ಲಿಂಗಪೂಜೆ ಮುಗಿಸಿ ಒಗೆಯುವ ಅರಿವೆ ನೆನೆಸುತ್ತಿದ್ದೆ. ಫೋನ್ ಬಂತು. ಈ ಸಲ ನೆಗೆಣ್ಣಿಯಲ್ಲ, ಮೈದುನ.

“ವೈನಿ, ಮೀಟಿಂಗ್ ಮುಗೀತು. ಮಂಗಲ ಕಾರ್ಯಾಲಯದವ್ರು ಹಂಡೆ ನಮ್ಮ ಕಡೀನೇ ತಗೋತಾರಂತ. ಚೀಟಿ ಕೊಟ್ಟಾರ, ಅಣ್ಣಗ ಕೊಡಬೇಕು.”

“ಅಂಗಡಿಗಿ ಹೋಗಿ ಕೊಡಪಾ. ಅಲ್ಲೇ ಅದಾರ.”

“ಅಂಗಡಿಗಿ ಹೊಂಟೀನಿ. ಅದಲ್ಲ...” ತಡೆದ. “ಅಣ್ಣ ಮಧ್ಯಾಹ್ನ ಊಟಕ್ಕ ಮನಿಗಿ ಬರ್ತಾನಲ್ಲ, ಅವನ ಸಂಗಾಟ ನಾನೂ ಬರ್ಲೇನು?”

“ಬರ್ಲೇನು ಅಂತ ಕೇಳ್ತಾರೇನೋ ಹುಚ್ಚಪ್ಪಾ? ಪುಂಡಿಪಲ್ಯ ಮಾಡೀನಿ, ಬಾ.”

ಫೋನ್ ಇಟ್ಟೆ. ಅಷ್ಟರಲ್ಲಿ ಹಿತ್ತಲಿನ ನಳದಲ್ಲಿ ಗಾಳಿ ಗೊರ್ರ್ ಅಂದಿತು. ನಮ್ಮ ಓಣಿಗೆ ನೀರು ಬಿಡುವುದು ಒಂದೇ ತಾಸು. ಅರಿವೆಯ ಬುಟ್ಟಿ ಬದಿಗೆ ಸರಿಸಿ, ಸೀರೆ ಎತ್ತಿ ಸಿಗಿಸಿಕೊಂಡು, ಕೊಡ ತುಂಬಲು ಹೋದೆ.